ಸೋಲಿನ ಮರುಗಳಿಗೆಗೂ ತಾಲೀಮು ಬೇಕು

ಏಷ್ಯನ್ ಕುಸ್ತಿ ಚಾಂಪಿಯನ್‌ಷಿಪ್ 2020ರ ಫೆಬ್ರುವರಿಯಲ್ಲಿ ದೆಹಲಿಯಲ್ಲಿ ನಡೆಯಿತು. ಗ್ರೀಕೊ–ರೋಮನ್ ವಿಭಾಗದ 55 ಕೆ.ಜಿ. ಸೆಮಿಫೈನಲ್‌ನಲ್ಲಿ ಬಾಗಲಕೋಟೆ ಜಿಲ್ಲೆಯ ಪೈಲ್ವಾನ ಅರ್ಜುನ್ ಹಲಕುರ್ಕಿ ಇರಾನಿನ ಎದುರಾಳಿಯ ಮೇಲೆ 7–1ರ ಮುನ್ನಡೆ ಸಾಧಿಸಿದ್ದರು. ಆದರೆ ಪಂದ್ಯ ಮುಗಿದಾಗ 7–8ರಿಂದ ಸೋತಿದ್ದರು. ಕೈಗೆಟುಕಿದ್ದ ಫೈನಲ್ ಹೀಗೆ ತಪ್ಪಿದ ಮೇಲೂ ಅವರು ಮತ್ತೆ ಮ್ಯಾಟ್‌ಗೆ ಇಳಿದು, ಕೊರಿಯಾದ ಕುಸ್ತಿಪಟುವನ್ನು 7–4ರಿಂದ ಮಣಿಸಿ ಕಂಚು ಗೆದ್ದರು. ಅದೇ ದಿನ 87 ಕೆ.ಜಿ. ಸೆಮಿಫೈನಲ್‌ನಲ್ಲಿ 1–8ರಿಂದ ಹಿಂದಿದ್ದ ಸುನಿಲ್ ಕುಮಾರ್ ಸತತ 11 ಅಂಕ ಗಳಿಸಿ 12–8ರಿಂದ ಗೆದ್ದರು, ಮುಂದೆ ಚಿನ್ನವನ್ನೂ ತಂದರು. ಇಂಥ ಏರುಪೇರುಗಳಲ್ಲಿ ದಣಿವಿಗೂ ಪಾಲಿದೆ, ಪಟ್ಟುಗಳಿಗೂ ಪಾಲಿದೆ. ಆದರೆ ಕೈತಪ್ಪಿದ ಪಂದ್ಯವನ್ನು ಬದಿಗಿಟ್ಟು ಮುಂದಿನದಕ್ಕೆ ಅಣಿಯಾಗುವ ಶಕ್ತಿ ದಂಡ–ಬೈಠಕ್‌ನಿಂದಷ್ಟೇ ಬರುವುದಿಲ್ಲ. ಅದನ್ನೂ ಕಲಿಸಬೇಕು. ನಮ್ಮ ಎಳೆಯ ಕ್ರೀಡಾಪಟುಗಳಿಗೆ ಅದನ್ನು ಕಲಿಸುವವರು ಯಾರು ಎಂಬುದು ಇಂದಿನ ಪ್ರಶ್ನೆ.

ಬಾಗಲಕೋಟೆಯ ಈ ಸೀಮೆಯಲ್ಲಿ ಪ್ರಶ್ನೆಯ ತೂಕ ಇನ್ನೂ ಹೆಚ್ಚು. ಹುನಗುಂದದ ಒಣಬೇಸಾಯದ ಮನೆಯಿಂದ, ಇಳಕಲ್ಲಿನ ನೇಕಾರ ಕುಟುಂಬದಿಂದ, ಅಲ್ಲಿನ ಗ್ರಾನೈಟ್ ಕ್ವಾರಿಯಲ್ಲಿ ದುಡಿಯುವವರ ಮನೆಯಿಂದ ಮಗುವೊಂದು ಆಟಕ್ಕೆ ಇಳಿದರೆ ಅದರ ಹಿಂದೆ ಪದಕದ ಆಸೆಗಿಂತ ದೊಡ್ಡ ಲೆಕ್ಕಾಚಾರ ಇರುತ್ತದೆ. ಸೇನೆ, ಪೊಲೀಸ್, ರೈಲ್ವೆಗಳಲ್ಲಿ ಕ್ರೀಡಾ ಕೋಟಾದಡಿ ಸಿಗಬಹುದಾದ ಒಂದು ನೌಕರಿಯ ಮೇಲೆ ಇಡೀ ಮನೆ ಕಣ್ಣಿಟ್ಟಿರುತ್ತದೆ. ಹೀಗಾಗಿ ವಿಭಾಗ ಮಟ್ಟದ ಒಂದು ಸೋಲು ಆ ಮಗುವಿಗೆ ಬರೀ ಸೋಲಾಗಿ ಉಳಿಯದೆ, ಮನೆಯವರ ಭರವಸೆಯನ್ನೇ ಮುರಿದ ಅಪರಾಧದಂತೆ ಕಾಡುತ್ತದೆ. ಪ್ರೌಢಶಾಲೆಯ ವಯಸ್ಸಿಗೇ ಊರು ಬಿಟ್ಟು ಕ್ರೀಡಾ ವಸತಿ ನಿಲಯ ಸೇರುವ ಮಕ್ಕಳ ಎತ್ತರ, ತೂಕ, ಓಟ, ಜಿಗಿತಗಳನ್ನು ನಾವು ಶ್ರದ್ಧೆಯಿಂದ ಅಳೆಯುತ್ತೇವೆ. ಸೋತ ರಾತ್ರಿ ಆ ಮಗು ಯಾರೊಡನೆ ಮಾತಾಡಬೇಕು ಎಂಬುದಕ್ಕೆ ನಮ್ಮಲ್ಲಿ ವ್ಯವಸ್ಥೆ ಇಲ್ಲ.

ಆತ್ಮವಿಶ್ವಾಸ ಎಂದರೆ ಭಾಷಣದಿಂದ ತುಂಬುವ ಹುರುಪು ಎಂಬ ನಂಬಿಕೆಯೇ ಇಲ್ಲಿನ ಮೊದಲ ತೊಡಕು. ಮನಶ್ಶಾಸ್ತ್ರಜ್ಞ ಆಲ್ಬರ್ಟ್ ಬಂಡೂರ 1977ರಲ್ಲಿ ಮಂಡಿಸಿದ ಸಿದ್ಧಾಂತದ ಪ್ರಕಾರ, ‘ಇದು ನನ್ನಿಂದ ಸಾಧ್ಯ’ ಎಂಬ ನಂಬಿಕೆಗೆ ನಾಲ್ಕು ಮೂಲಗಳಿವೆ: ಸ್ವತಃ ಮಾಡಿ ಗೆದ್ದ ಅನುಭವ, ತನ್ನಂಥವರೇ ಗೆದ್ದುದನ್ನು ಕಂಡ ಅನುಭವ, ನಂಬಿಕಸ್ಥರ ಮಾತು ಮತ್ತು ಮೈಯ ಉದ್ವೇಗವನ್ನು ಅರ್ಥ ಮಾಡಿಕೊಳ್ಳುವ ಬಗೆ. ಇವುಗಳಲ್ಲಿ ಹೆಚ್ಚು ಬಲವಾದುದು ಮೊದಲನೆಯದು. ‘ಹೆದರಬೇಡ, ನುಗ್ಗು’ ಎಂಬ ಬರಿಯ ಹುರಿದುಂಬಿಕೆ ಅಷ್ಟು ಆಳಕ್ಕೆ ಇಳಿಯುವುದಿಲ್ಲ. ಹೀಗಿದ್ದೂ ನಮ್ಮ ಮೈದಾನಗಳಲ್ಲಿ ಮನೋಬಲದ ಹೆಸರಿನಲ್ಲಿ ನಡೆಯುವುದು ಹೆಚ್ಚಾಗಿ ಪಂದ್ಯಕ್ಕೆ ಮುಂಚಿನ ಹತ್ತು ನಿಮಿಷದ ಭಾಷಣ, ಸೋತ ಮೇಲೆ ಹತ್ತು ನಿಮಿಷದ ಬೈಗುಳ.

ಸರಿಯಾದ ದಾರಿ ಹೇಗಿರುತ್ತದೆ ಎಂಬುದನ್ನು ಬಾದಾಮಿಯ ಬಂಡೆಗಳ ಮೇಲೆ ಕಾಣಬಹುದು. ಇಲ್ಲಿನ ಕೆಂಪು ಮರಳುಗಲ್ಲಿನ ಕಡಿದಾದ ಗೋಡೆಗಳು ದೇಶ ವಿದೇಶಗಳ ಶಿಲಾರೋಹಿಗಳನ್ನು ಸೆಳೆಯುತ್ತವೆ. ಜನರಲ್ ತಿಮ್ಮಯ್ಯ ರಾಷ್ಟ್ರೀಯ ಸಾಹಸ ಅಕಾಡೆಮಿ ಇಲ್ಲಿ ತರಬೇತಿ ನೀಡುತ್ತದೆ. ಟೋಕಿಯೊದಿಂದೀಚೆಗೆ ಸ್ಪೋರ್ಟ್ ಕ್ಲೈಂಬಿಂಗ್ ಒಲಿಂಪಿಕ್ ಕ್ರೀಡೆಯೂ ಆಗಿದೆ. ಹಗ್ಗ ಕಟ್ಟಿಕೊಂಡು ಬಂಡೆ ಏರುವವರು ಬೀಳುವುದನ್ನೂ ಅಭ್ಯಾಸ ಮಾಡುತ್ತಾರೆ. ಮೊದಲು ಸ್ವಲ್ಪ ಎತ್ತರದಿಂದ, ಆಮೇಲೆ ಇನ್ನಷ್ಟು ಎತ್ತರದಿಂದ ಬೇಕೆಂದೇ ಕೈಬಿಟ್ಟು, ಕೆಳಗೆ ಹಗ್ಗ ಹಿಡಿದವರನ್ನು ನಂಬುವುದನ್ನು ರೂಢಿಸಿಕೊಳ್ಳುತ್ತಾರೆ. ಭಯ ಇಲ್ಲವಾಗುವುದಿಲ್ಲ. ಅದು ಪರಿಚಿತವಾಗುತ್ತದೆ, ಪರಿಚಿತವಾದ್ದರಿಂದ ಹತೋಟಿಗೆ ಬರುತ್ತದೆ. ಇದೇ ತತ್ವವನ್ನು ಕುಸ್ತಿಯ ಮ್ಯಾಟ್‌ಗೂ ಕಬಡ್ಡಿ ಅಂಗಳಕ್ಕೂ ತರಬಹುದು. ಆರು ಅಂಕಗಳ ಹಿನ್ನಡೆಯಿಂದಲೇ ಅಭ್ಯಾಸ ಪಂದ್ಯ ಆರಂಭಿಸಬೇಕು. ಮುನ್ನಡೆಯಲ್ಲಿದ್ದಾಗ ಕೊನೆಯ ನಿಮಿಷ ಕಾಯ್ದುಕೊಳ್ಳುವುದನ್ನು ಪ್ರತ್ಯೇಕವಾಗಿ ಕಲಿಸಬೇಕು. ಸೋಲಿನ ಬಿಸಿ ಆರಿದ ಮೇಲೆ ಕುಳಿತು ‘ಏನಾಯಿತು, ಮುಂದೇನು’ ಎಂದು ಮಾತಾಡುವುದು ವೇಳಾಪಟ್ಟಿಯ ಭಾಗವಾಗಬೇಕು.

ಹಿಂದಿನ ಪೈಲ್ವಾನರಿಗೆ ಯಾವ ಮನಶ್ಶಾಸ್ತ್ರಜ್ಞ ಇದ್ದ, ಗರಡಿಮನೆಯ ಶಿಸ್ತೇ ಸಾಕಾಗಿತ್ತಲ್ಲ ಎಂದು ಕೇಳುವವರಿದ್ದಾರೆ. ಈ ಮಾತಿನಲ್ಲಿ ಅರ್ಧ ಸತ್ಯವಿದೆ, ಆ ಅರ್ಧವೇ ನಮಗೆ ಬೇಕಾದುದು. ಗರಡಿಯ ವಸ್ತಾದ ಪಟ್ಟು ಕಲಿಸುವುದಕ್ಕಷ್ಟೇ ಸೀಮಿತನಾಗಿರಲಿಲ್ಲ. ಶಿಷ್ಯನ ಊಟ, ನಿದ್ದೆ, ನಡತೆ, ಮನೆಯ ಕಷ್ಟ ಎಲ್ಲವನ್ನೂ ಬಲ್ಲ ಹಿರಿಯ ಅವನು. ಮಣ್ಣಿನ ಅಖಾಡದಿಂದ ಮ್ಯಾಟ್‌ಗೆ, ಗರಡಿಯಿಂದ ಹಾಸ್ಟೆಲಿಗೆ ಬಂದಾಗ ನಾವು ತಂತ್ರವನ್ನು ಉಳಿಸಿಕೊಂಡೆವು, ಆ ಹಿರಿತನವನ್ನು ಬಿಟ್ಟೆವು. ಜತೆಗೆ, ಸೋಲನ್ನು ಅರಗಿಸಿಕೊಳ್ಳಲಾಗದೆ ಕಣದಿಂದಲೇ ಮರೆಯಾದವರ ಲೆಕ್ಕವನ್ನು ಗರಡಿ ಇಟ್ಟಿರಲಿಲ್ಲ ಎಂಬುದನ್ನೂ ಮರೆಯಬಾರದು.

ಸಂತೈಸಿದಷ್ಟೂ ಮಕ್ಕಳು ಮೆತ್ತಗಾಗುತ್ತಾರೆ ಎಂಬುದು ಇನ್ನೊಂದು ಆಕ್ಷೇಪ. ಇದಕ್ಕೆ ಉತ್ತರವಾಗಿ ಒಂದು ಪ್ರಸಂಗ ನೆನೆಯಬಹುದು. 2024ರ ಪ್ಯಾರಿಸ್ ಒಲಿಂಪಿಕ್ಸ್ ಬ್ಯಾಡ್ಮಿಂಟನ್ ಸೆಮಿಫೈನಲ್‌ನಲ್ಲಿ ಲಕ್ಷ್ಯ ಸೇನ್ ಮೊದಲ ಗೇಮ್‌ನಲ್ಲಿ 20–17, ಎರಡನೆಯದರಲ್ಲಿ 7–0 ಮುನ್ನಡೆ ಪಡೆದೂ ಸೋತರು, ಕಂಚಿನ ಪಂದ್ಯವನ್ನೂ ಕಳೆದುಕೊಂಡರು. ಆಗ ಅವರ ಮಾರ್ಗದರ್ಶಕ ಪ್ರಕಾಶ್ ಪಡುಕೋಣೆ, ಆಟಗಾರರು ತಾವೇ ಹೊಣೆ ಹೊರಬೇಕು ಎಂದು ಖಂಡಿತವಾಗಿ ನುಡಿದರು, ಮನಸ್ಸಿನ ತರಬೇತಿಗೆ ನಾವು ಸಾಕಷ್ಟು ಗಮನ ಕೊಟ್ಟಿಲ್ಲ ಎಂದೂ ಹೇಳಿದರು. ಈ ಎರಡು ಮಾತುಗಳಲ್ಲಿ ವಿರೋಧವಿಲ್ಲ. ಹಿನ್ನಡೆಯಿಂದ ಪಂದ್ಯ ಆರಂಭಿಸುವ ತಾಲೀಮು ಬೈಗುಳಕ್ಕಿಂತ ಕಠಿಣ, ಏಕೆಂದರೆ ಅದು ಕಲಿಯುವವರಿಂದ ಉತ್ತರ ಬಯಸುತ್ತದೆ.

ಒಳ್ಳೆಯ ಮ್ಯಾಟು, ಹೊಟ್ಟೆ ತುಂಬ ಪೌಷ್ಟಿಕ ಊಟವೇ ಇಲ್ಲದ ಕಡೆ ಮನಸ್ಸಿನ ಮಾತೇಕೆ ಎಂಬ ಆಕ್ಷೇಪ ಎಲ್ಲಕ್ಕಿಂತ ಗಂಭೀರವಾದುದು. ಊಟ ಮೊದಲು ಎಂಬುದರಲ್ಲಿ ತಕರಾರಿಲ್ಲ. ಹಸಿದ ಮಗುವಿಗೆ ಮನೋಬಲ ಬೋಧಿಸುವುದು ಅನ್ಯಾಯ. ಅವಮಾನ, ಕಿರುಕುಳ ನಡೆಯುವಲ್ಲಿ ‘ಗಟ್ಟಿಯಾಗು’ ಎನ್ನುವುದು ಅದಕ್ಕಿಂತ ದೊಡ್ಡ ಅನ್ಯಾಯ. ಆದ್ದರಿಂದಲೇ ಮಕ್ಕಳ ಮಾತಿಗೆ ಕಿವಿಯಾಗುವ ಮಾರ್ಗದರ್ಶಿಯೊಬ್ಬರು ಬೇಕು, ಅವರು ತಂಡದ ಆಯ್ಕೆಯಲ್ಲಿ ಅಧಿಕಾರ ಇಲ್ಲದವರಾಗಿರಬೇಕು. ತನ್ನ ಸ್ಥಾನ ಕಿತ್ತುಕೊಳ್ಳಬಲ್ಲವರ ಮುಂದೆ ಯಾವ ಮಗುವೂ ಭಯ ಹೇಳಿಕೊಳ್ಳುವುದಿಲ್ಲ. ಇಂಥ ವ್ಯವಸ್ಥೆಗೆ ಹೊಸ ಕಟ್ಟಡ ಬೇಕಿಲ್ಲ. ನಿವೃತ್ತ ಪೈಲ್ವಾನರು, ಹಳೆಯ ಆಟಗಾರ್ತಿಯರು, ದೈಹಿಕ ಶಿಕ್ಷಕರು ನಮ್ಮಲ್ಲೇ ಇದ್ದಾರೆ. ಅವರಿಗೆ ತರಬೇತಿ ಕೊಡಲು ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ದೂರವಿಲ್ಲ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ರೂಪುಗೊಂಡದ್ದೇ ನಮ್ಮ ಬಳ್ಳಾರಿಯ ಮಾದರಿಯಿಂದ. ಖಿನ್ನತೆಯಂಥ ಕಾಯಿಲೆಯ ಲಕ್ಷಣ ಕಂಡರೆ ಮಾರ್ಗದರ್ಶಿ ತಾನೇ ವೈದ್ಯನಾಗದೆ ಮನೋವೈದ್ಯರ ಬಳಿ ಕಳಿಸಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಪ್ರತಿ ಹಾಸ್ಟೆಲಿನ ಗೋಡೆಯ ಮೇಲಿರಬೇಕು.

ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಇದನ್ನು ಬಾಗಲಕೋಟೆಯಿಂದಲೇ ಆರಂಭಿಸಲಿ. ಬಾದಾಮಿ, ಹುನಗುಂದ, ಇಳಕಲ್ ತಾಲ್ಲೂಕುಗಳಿಗೆ ತಲಾ ಇಬ್ಬರು ಮಾರ್ಗದರ್ಶಿಗಳನ್ನು, ಅವರಲ್ಲಿ ಒಬ್ಬರು ಮಹಿಳೆಯಾಗಿರುವಂತೆ, ನೇಮಿಸಲಿ. ಎಷ್ಟು ಪದಕ ಬಂತು ಎಂಬುದರ ಜತೆಗೆ ಸೋತ ಮಕ್ಕಳಲ್ಲಿ ಎಷ್ಟು ಮಂದಿ ಮರುವರ್ಷವೂ ಆಟದಲ್ಲಿ ಉಳಿದರು ಎಂಬುದನ್ನೂ ದಾಖಲಿಸಲಿ. ಗೆದ್ದವರಿಗೆ ಹಾರ ಹಾಕಲು ಊರೇ ಬರುತ್ತದೆ. ಸೋತ ಮಗುವಿನ ಜತೆ ನಿಲ್ಲುವವರನ್ನು ಸರ್ಕಾರ ಮತ್ತು ಸಮಾಜ ಕೂಡಿಯೇ ಸಜ್ಜುಗೊಳಿಸಬೇಕು.