ಎಲ್ಲಾ ಕೀಲುನೋವೂ ‘ವಾತ’ವಲ್ಲ, ಸ್ವಾಮಿ!

ಬೆಳಗಿನ ಹೊತ್ತು ಸಾಗರದಿಂದ ಶಿವಮೊಗ್ಗಕ್ಕೆ ಹೊರಡುವ ಬಸ್ಸಿನ ಬಾಗಿಲ ಬಳಿ ಒಂದು ಗಳಿಗೆ ನಿಂತರೆ ಸಾಕು, ಜಿಲ್ಲೆಯ ಜನರ ಮಂಡಿಗಳ ಪಾಡು ಏನೆಂದು ಗೊತ್ತಾಗುತ್ತದೆ. ಮೆಟ್ಟಿಲಿಗೆ ಒಂದು ಕಾಲಿಟ್ಟು, ಕಂಬಿ ಹಿಡಿದು, ‘ಅಯ್ಯಪ್ಪಾ’ ಎಂದು ಇನ್ನೊಂದು ಕಾಲನ್ನು ಎಳೆದುಕೊಳ್ಳುವವರು ಎಷ್ಟೋ ಮಂದಿ. ‘ಬೇಗ ಹತ್ರೀ, ಟೈಮಾಯ್ತು’ ಎಂದು ಕೂಗುವ ಕಂಡಕ್ಟರ ಸೊಂಟವೂ ಅಷ್ಟಕ್ಕಷ್ಟೆ.

ಏನಾಯ್ತು ಎಂದು ಕೇಳಿ ನೋಡಿ. ‘ವಾತ ಕಣ್ರೀ, ವಯಸ್ಸಾಯ್ತಲ್ಲ’ ಎಂಬ ಒಂದೇ ಉತ್ತರ. ಇಪ್ಪತ್ತೈದರ ಹುಡುಗನಿಗೂ ವಾತ, ಎಪ್ಪತ್ತರ ಅಜ್ಜಿಗೂ ವಾತ. ಮೆಡಿಕಲ್ ಸ್ಟೋರಿಗೆ ಹೋಗಿ ‘ನೋವಿನ ಮಾತ್ರೆ ಕೊಡಿ’ ಅಂದರೆ ಮುಗೀತು. ರೋಗಿ ಹೀಗೆ ಹೇಳಿದರೆ ತಪ್ಪಿಲ್ಲ, ಅವನಿಗೆ ತಿಳಿದದ್ದು ಅಷ್ಟು. ಆದರೆ ಓದಿದ ಡಾಕ್ಟರೂ ಅಷ್ಟನ್ನೇ ನಂಬಿ, ತಲೆ ಎತ್ತದೆ ಚೀಟಿ ಬರೆದರೆ ಗತಿ ಏನು?

ವಾತ ಎಂಬುದು ಒಂದು ರೋಗದ ಹೆಸರಲ್ಲ. ಆ ಒಂದು ಚೀಲದೊಳಗೆ ಹತ್ತು ರೋಗ ತುಂಬಿಕೊಂಡಿವೆ. ಒಂದಕ್ಕೆ ವ್ಯಾಯಾಮ ಮದ್ದು, ಇನ್ನೊಂದಕ್ಕೆ ವಾರಕ್ಕೊಂದು ದಿನದ ಮಾತ್ರೆ, ಮತ್ತೊಂದಕ್ಕೆ ತಿಂಗಳುಗಟ್ಟಲೆ ಕ್ಷಯದ ಔಷಧಿ. ಯಾವುದು ಯಾವುದೆಂದು ಬಿಡಿಸುವುದೇ ವೈದ್ಯ ವಿದ್ಯಾರ್ಥಿ ಕಲಿಯಬೇಕಾದ ಮೊದಲ ಪಾಠ. ಅದಕ್ಕೆ ದೊಡ್ಡ ಮೆಷಿನ್ನು ಬೇಡ. ಕೈಯಿಂದ ಮುಟ್ಟಿ ನೋಡಿ, ನಾಲ್ಕು ಪ್ರಶ್ನೆ ಕೇಳುವ ತಾಳ್ಮೆ ಇದ್ದರೆ ಅರ್ಧ ಕೆಲಸ ಆದಂತೆ.

ನೋವು ಯಾವಾಗ, ಎಲ್ಲಿ?

ದಿನವಿಡೀ ನಿಂತು ತೂಕ ಮಾಡುವ ಕಿರಾಣಿ ಅಂಗಡಿಯ ಯಜಮಾನರ ಮಂಡಿ ಸಂಜೆಗೆ ನೋಯುತ್ತದೆ, ಕೂತರೆ ಕಡಿಮೆಯಾಗುತ್ತದೆ. ಬೆಳಿಗ್ಗೆ ಎದ್ದಾಗ ಹಿಡಿದುಕೊಂಡಂತಿದ್ದರೂ ಹತ್ತಿಪ್ಪತ್ತು ನಿಮಿಷದಲ್ಲಿ ಸಡಿಲವಾಗುತ್ತದೆ. ಇದು ಕೀಲು ಸವೆತ. ಡಾಕ್ಟರುಗಳು ಆಸ್ಟಿಯೋ ಆರ್ಥ್ರೈಟಿಸ್ ಎನ್ನುತ್ತಾರೆ. ಎರಡು ಮೂಳೆಗಳ ನಡುವಿನ ಮೆತ್ತನೆಯ ಪದರ ತೆಳ್ಳಗಾಗುವ ರೋಗ. ಇದಕ್ಕೆ ಮೊದಲ ಮದ್ದು ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ಮೈತೂಕ ಇಳಿಸುವುದು. ಒಂದು ಕಿಲೋ ಮೈತೂಕ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಹೊರೆ ಸುಮಾರು 4 ಕಿಲೋ ಇಳಿಯುತ್ತದೆ. ಈ ವ್ಯಾಪಾರದ ಲಾಭವನ್ನು ಅಂಗಡಿಯವರಿಗೆ ಬಿಡಿಸಿ ಹೇಳಬೇಕೆ?

ಅದೇ ಬೀದಿಯಲ್ಲಿ ಹೂ ಕಟ್ಟಿ ಮಾರುವ ಮೂವತ್ತೈದರ ಹೆಂಗಸಿನ ಕಥೆಯೇ ಬೇರೆ. ಎರಡೂ ಕೈಗಳ ಬೆರಳ ಗೆಣ್ಣುಗಳು ಊದಿವೆ. ಬೆಳಿಗ್ಗೆ ಎದ್ದು ಒಂದು ಗಂಟೆ ಕಳೆದರೂ ನೂಲು ಹಿಡಿಯಲಾಗದು, ಕೆಲಸ ಮಾಡುತ್ತಾ ಹೋದಂತೆ ಸಲೀಸು. ಇದು ರುಮಟಾಯ್ಡ್. ದೇಹದ ಕಾವಲು ಶಕ್ತಿಯೇ ತಿರುಗಿಬಿದ್ದು ತನ್ನ ಕೀಲುಗಳನ್ನು ತಿನ್ನುವ ರೋಗ. ಗಂಡಸರಿಗಿಂತ ಹೆಂಗಸರಿಗೇ ಎರಡು ಮೂರು ಪಟ್ಟು ಹೆಚ್ಚು. ಮೊದಲ ಕೆಲವು ತಿಂಗಳೊಳಗೆ ಮೆಥೋಟ್ರೆಕ್ಸೇಟ್‌ನಂಥ ಮದ್ದು ಶುರುವಾದರೆ ಬೆರಳು ಉಳಿಯುತ್ತವೆ. ಎರಡು ವರ್ಷ ‘ವಾತ’ ಎಂದು ಕೂತರೆ ಸೊಟ್ಟಗಾದ ಬೆರಳು ಮತ್ತೆ ನೆಟ್ಟಗಾಗುವುದು ಕಷ್ಟ. ಈ ಮಾತ್ರೆ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಪ್ರಾಣಕ್ಕೇ ಕುತ್ತು. ಇದನ್ನು ರೋಗಿಗೆ ಎರಡು ಸಲ ಹೇಳಿ ಕಳಿಸುವುದೂ ವೈದ್ಯವೇ.

ರಾತ್ರೋರಾತ್ರಿ ಕಾಲಿನ ಹೆಬ್ಬೆರಳ ಬುಡ ಕೆಂಪಗೆ ಊದಿ, ಹೊದಿಕೆ ತಾಗಿದರೂ ಜೀವ ಹೋದಂತಾದರೆ ಅದು ಗೌಟ್. ರಕ್ತದಲ್ಲಿ ಯೂರಿಕ್ ಆಸಿಡ್ ಹೆಚ್ಚಿ ಕೀಲಿನಲ್ಲಿ ಹರಳು ಕಟ್ಟುವುದರಿಂದ ಬರುತ್ತದೆ. ಹಾಗೆಂದು ಲ್ಯಾಬಿನ ಚೀಟಿಯಲ್ಲಿ ಯೂರಿಕ್ ಆಸಿಡ್ ಒಂದು ಚೂರು ಹೆಚ್ಚು ಬಂದ ಮಾತ್ರಕ್ಕೆ ಎಲ್ಲರಿಗೂ ಗೌಟ್ ಎನ್ನಲಾಗದು.

ಜೊತೆಗೆ ಬೇರೇನಿದೆ?

ಇನ್ನು ಬೆನ್ನುನೋವು. ಬಸ್ಸಿನ ಕುಲುಕಾಟ ಎಂದು ಎಲ್ಲರೂ ತಳ್ಳಿಹಾಕುವ ನೋವು ಇದು. ಬಹುಪಾಲು ನಿಜವೂ ಹೌದು, ಕೆಲವು ವಾರದಲ್ಲಿ ತಾನೇ ಇಳಿಯುತ್ತದೆ. ಆದರೆ ಮಲಗಿದರೂ ಬಿಡದ ನೋವು, ಸಂಜೆ ಸಣ್ಣ ಜ್ವರ, ತಿಂಗಳಿಂದ ತಿಂಗಳಿಗೆ ಸಡಿಲವಾಗುವ ಅಂಗಿ, ಈ ಮೂರೂ ಸೇರಿದರೆ ಬೆನ್ನುಮೂಳೆಯ ಕ್ಷಯ ಇರಬಹುದು. ಲಂಡನ್ನಿನ ಪರ್ಸಿವಲ್ ಪಾಟ್ ಎಂಬ ಶಸ್ತ್ರವೈದ್ಯ 1779ರಲ್ಲೇ ಇದನ್ನು ವಿವರಿಸಿ ಬರೆದಿಟ್ಟ. ಬಿಟ್ಟರೆ ಬೆನ್ನು ಗೂನಾಗುತ್ತದೆ, ಕಾಲಿನ ಸ್ವಾಧೀನ ತಪ್ಪುತ್ತದೆ. ಹಿಡಿದರೆ ಔಷಧಿಯಿಂದ ವಾಸಿಯಾಗುತ್ತದೆ, ಆ ಔಷಧಿ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಬೇಕಾದದ್ದು ‘ಜ್ವರ ಬರುತ್ತಾ?’ ಎಂಬ ಒಂದೇ ಪ್ರಶ್ನೆ.

ಮಗುವೊಂದು ಜ್ವರದಲ್ಲಿ ಕಾಲು ಮುಟ್ಟಗೊಡದೆ ಚೀರಿದರೆ ಅದಕ್ಕೆ ನಾಳೆ ಎಂಬುದಿಲ್ಲ. ಕೀಲಿನಲ್ಲಿ ಕೀವು ತುಂಬಿದ್ದರೆ ಗಂಟೆಗಳ ಲೆಕ್ಕದಲ್ಲಿ ಕೀಲು ಹಾಳಾಗುತ್ತದೆ. ಎಣ್ಣೆ ಹಚ್ಚಿ ನೀವುತ್ತಾ ಕೂರಬಾರದು.

ಕುಡಿಯುವ ನೀರು ಯಾವುದು ಎಂದೂ ಕೇಳಬೇಕು. ಕೋಲಾರ, ಪಾವಗಡದ ಕಡೆಯಿಂದ ಬಂದವರ ಬೆನ್ನು, ಕತ್ತು ಮರದಂತೆ ಬಿಗಿದಿದ್ದರೆ ಕೊಳವೆಬಾವಿಯ ಫ್ಲೋರೈಡ್ ಮೂಳೆಗೆ ಇಳಿದಿರಬಹುದು. ಈ ರೋಗ ನಮ್ಮ ದೇಶದಲ್ಲಿ ಮೊದಲು ವರದಿಯಾದದ್ದು 1937ರಲ್ಲಿ, ನೆಲ್ಲೂರು ಜಿಲ್ಲೆಯಿಂದ. ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದು ಇವತ್ತಿಗೂ ಎಷ್ಟೋ ಮನೆಗಳಿಗೆ ಗೊತ್ತಿಲ್ಲ.

ಹಂದಿಗೋಡಿನ ಪಾಠ

ಮನೆಯಲ್ಲಿ ಬೇರೆ ಯಾರಿಗಾದರೂ ಹೀಗಿದೆಯೇ? ಈ ಪ್ರಶ್ನೆಯ ಬೆಲೆ ಏನೆಂದು ಸಾಗರ ತಾಲ್ಲೂಕಿನ ಹಂದಿಗೋಡಿನಷ್ಟು ಚೆನ್ನಾಗಿ ಹೇಳುವ ಊರು ಇನ್ನೊಂದಿಲ್ಲ.

1970ರ ದಶಕದ ನಡುವಿನಲ್ಲಿ ಅಲ್ಲಿನ ಬಡ ದಲಿತ ಕುಟುಂಬಗಳಲ್ಲಿ ಒಬ್ಬರಾದ ಮೇಲೊಬ್ಬರಿಗೆ ಸೊಂಟ, ತೊಡೆಯ ಕೀಲು, ಮಂಡಿ ಹಿಡಿಯಿತು. ದುಡಿಯುವ ವಯಸ್ಸಿನವರು ಕೋಲು ಹಿಡಿದರು. ಕೆಲವು ಮಕ್ಕಳು ಬೆಳೆಯದೆ ಕುಳ್ಳಾಗಿಯೇ ಉಳಿದರು. ಗದ್ದೆಯ ಏಡಿ ತಿಂದದ್ದಕ್ಕೆ, ಗದ್ದೆಗೆ ಹೊಡೆದ ವಿಷ ಏಡಿಗೆ ಸೇರಿದ್ದಕ್ಕೆ ಹೀಗಾಯ್ತು ಎಂದು ಊರೆಲ್ಲಾ ಮಾತಾಯಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ವಿಜ್ಞಾನಿಗಳು ಬಂದು, ಮನೆ ಮನೆ ತಿರುಗಿ, 1977ರಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಕೀಲುರೋಗ ಎಂದು ಪ್ರಕಟಿಸಿದರು. ಮುಂದೆ ವಂಶಾವಳಿ ಬರೆದು, ಎಕ್ಸ್‌ರೇ ತೆಗೆದು ನೋಡಿದ ವೈದ್ಯರು 1990ರ ದಶಕದಲ್ಲಿ ಇದು ಹುಟ್ಟಿನಿಂದ ಬರುವ, ತಂದೆ ಅಥವಾ ತಾಯಿಯಿಂದ ಮಕ್ಕಳಿಗೆ ಇಳಿಯುವ ಮೂಳೆ ಬೆಳವಣಿಗೆಯ ದೋಷ ಎಂದು ತೋರಿಸಿದರು. ಏಡಿಯ ಮೇಲಿನ ಆರೋಪ ಬಿತ್ತು.

ರೋಗ ಮಾತ್ರ ಹೋಗಲಿಲ್ಲ, ಪೂರ್ತಿ ವಾಸಿ ಮಾಡುವ ಮದ್ದು ಇಲ್ಲ. ಆದರೂ ಹೆಸರು ಸಿಕ್ಕಿದ್ದು ಸಣ್ಣ ಮಾತಲ್ಲ. ‘ಪಾಪದ ಫಲ’, ‘ಊಟದ ದೋಷ’ ಎಂಬ ಬೈಗುಳ ಹೊತ್ತ ಜನಕ್ಕೆ ನಿಮ್ಮ ತಪ್ಪಲ್ಲ ಎಂದು ಹೇಳಿದಂತಾಯಿತು. ಕುಳ್ಳುತನವನ್ನೂ ಅಂಗವಿಕಲತೆ ಎಂದು 2016ರ ಕಾಯ್ದೆ ಒಪ್ಪಿದೆ. ಸರ್ಟಿಫಿಕೇಟು, ಪಿಂಚಣಿ ಕೇಳುವುದಕ್ಕೂ ಡಾಕ್ಟರು ರೋಗದ ಹೆಸರು ಸರಿಯಾಗಿ ಬರೆಯಬೇಕಲ್ಲವೆ?

ಮಾತ್ರೆಯ ಬಡ್ಡಿ

ಸರಿಯಾಗಿ ನೋಡದೆ ಕೊಟ್ಟ ಮಾತ್ರೆಯೂ ಸಾಲವೇ, ಬಡ್ಡಿ ಸಮೇತ ವಸೂಲಾಗುತ್ತದೆ. ನೋವಿನ ಮಾತ್ರೆಯನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಪೆಟ್ಟು. ಸಂತೆಯಲ್ಲಿ ಸಿಗುವ ‘ಒಂದೇ ದಿನದಲ್ಲಿ ನೋವು ಮಾಯ’ ಪುಡಿಯಲ್ಲಿ ಸ್ಟಿರಾಯ್ಡ್ ಬೆರೆತಿದ್ದರೆ ಇನ್ನೂ ಕೆಟ್ಟದ್ದು. ಮುಖ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ತೊಡೆ ಮೂಳೆಯ ತಲೆಗೆ ರಕ್ತ ನಿಂತು ಅದೇ ಸಾಯುತ್ತದೆ. ನೋವು ಹೋಗಲೆಂದು ತಿಂದದ್ದು ಕೀಲನ್ನೇ ತಿಂದಂತಾಯಿತು. ತುಂಬಾ ದಿನ ತಿಂದವರು ಅದನ್ನು ದಿಢೀರನೆ ಬಿಡುವುದೂ ಅಪಾಯ, ಡಾಕ್ಟರನ್ನು ಕೇಳಿಯೇ ಇಳಿಸಬೇಕು.

ಆಗಬೇಕಾದ್ದೇನು?

ವೈದ್ಯ ವಿದ್ಯಾರ್ಥಿಗಳು ಹಳ್ಳಿಯ ಕೆಲವು ಕುಟುಂಬಗಳನ್ನು ದತ್ತು ಪಡೆದು ಓದಿನುದ್ದಕ್ಕೂ ನೋಡಿಕೊಳ್ಳಬೇಕು ಎಂಬ ನಿಯಮ 2022ರಿಂದ ಪಠ್ಯದಲ್ಲೇ ಇದೆ. ಒಳ್ಳೆಯ ನಿಯಮ. ಆದರೆ ಬಿ.ಪಿ. ನೋಡಿ, ಪುಸ್ತಕ ತುಂಬಿಸಿ, ಫೋಟೋ ತೆಗೆದು ವ್ಯಾನು ಹತ್ತಿದರೆ ಏನು ಬಂತು? ಜಗಲಿಯಲ್ಲಿ ಕೂತ ಅಜ್ಜಿಗೆ ಬಚ್ಚಲಿನಲ್ಲಿ ಜಾರಿ ಸೊಂಟ ಮುರಿಯುವ ಮೊದಲೇ ಮೂಳೆ ಟೊಳ್ಳಾಗಿದೆಯೇ ಎಂದು ವಿಚಾರಿಸಲಿ. ಬೀಡಿ ಕಟ್ಟುವ ಹೆಂಗಸಿನ ಕೈ ಹಿಡಿದು ಬೆರಳು ನೋಡಲಿ. ಮೇಷ್ಟರಾದವರು ಅಪರೂಪದ ರೋಗದ ಪ್ರಶ್ನೆಯನ್ನು ಪರೀಕ್ಷೆಗೆ ಕೊಡುವ ಮೊದಲು ‘ಮಂಡಿನೋವಿನವರನ್ನು ಏನೇನು ಕೇಳುತ್ತೀಯಪ್ಪಾ?’ ಎಂದು ಕೇಳಲಿ.

ನಾಗರಿಕರಿಗೂ ಒಂದು ಮಾತು. ಡಾಕ್ಟರ ಮುಂದೆ ಕೂತಾಗ ‘ವಾತ’ ಎನ್ನಬೇಡಿ. ಎಲ್ಲಿ ನೋವು, ಯಾವ ಹೊತ್ತಿನಲ್ಲಿ ಹೆಚ್ಚು, ಎಷ್ಟು ದಿನದಿಂದ, ಜ್ವರ ಇದೆಯೇ, ಮನೆಯಲ್ಲಿ ಇನ್ಯಾರಿಗಿದೆ, ಇದುವರೆಗೆ ಏನೇನು ನುಂಗಿದ್ದೀರಿ, ಇಷ್ಟನ್ನು ಬಿಚ್ಚಿ ಹೇಳಿ. ಕೇಳಿಸಿಕೊಳ್ಳದಿದ್ದರೆ ಕೇಳಿಸುವ ತನಕ ಹೇಳಿ.

ಹಂದಿಗೋಡಿನವರ ನೋವಿಗೆ ಹೆಸರು ಸಿಗಲು ಹೊರಗಿನವರು ಬಂದು ಮನೆ ಮನೆ ತಿರುಗಬೇಕಾಯಿತು. ಈಗ ಜಿಲ್ಲೆಯಲ್ಲೇ ಮೆಡಿಕಲ್ ಕಾಲೇಜಿದೆ, ಹುಡುಗ ಹುಡುಗಿಯರಿದ್ದಾರೆ. ಅವರಿಗೆ ಹಳ್ಳಿಯ ದಾರಿ ತೋರಿಸಿ, ಪ್ರಶ್ನೆ ಕೇಳಲು ಕಲಿಸುವ ಕೆಲಸ ಬಾಕಿ ಇದೆ. ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?