ಸಂಸ್ಕೃತಿಯ ಪಾಠ ಊರಿನಿಂದಲೇ ಶುರುವಾಗಲಿ

ಮಕ್ಕಳಿಗೆ ನಮ್ಮ ಸಂಸ್ಕೃತಿ, ಪರಂಪರೆ ಕಲಿಸಬೇಕು ಎಂಬ ಮಾತಿಗೆ ಈ ರಾಜ್ಯದಲ್ಲಿ ಯಾರ ತಕರಾರೂ ಇಲ್ಲ. ಜಗಳವಿರುವುದು ಯಾವುದನ್ನು ಸಂಸ್ಕೃತಿ ಎನ್ನಬೇಕು, ಅದನ್ನು ಯಾರು ಹೇಳಿಕೊಡಬೇಕು ಎಂಬಲ್ಲಿ. 2022ರಲ್ಲಿ ಆ ಜಗಳ ತಾರಕಕ್ಕೇರಿತ್ತು. ಬರಗೂರು ರಾಮಚಂದ್ರಪ್ಪ ಸಮಿತಿ ರೂಪಿಸಿದ್ದ ಪಠ್ಯಪುಸ್ತಕಗಳನ್ನು ರೋಹಿತ್ ಚಕ್ರತೀರ್ಥ ಸಮಿತಿ ತಿದ್ದಿತು. ಲೇಖಕರು ಒಬ್ಬರ ಹಿಂದೊಬ್ಬರು ತಮ್ಮ ಬರಹಗಳಿಗೆ ಕೊಟ್ಟಿದ್ದ ಒಪ್ಪಿಗೆಯನ್ನು ಹಿಂಪಡೆದರು. ಅದೇ ವರ್ಷದ ಮಾರ್ಚ್‌ನಲ್ಲಿ ಗುಜರಾತ್ ಸರ್ಕಾರ 6ರಿಂದ 12ನೇ ತರಗತಿವರೆಗೆ ಭಗವದ್ಗೀತೆ ತರುವುದಾಗಿ ಹೇಳಿದ್ದೇ ತಡ, ನೈತಿಕ ಶಿಕ್ಷಣದ ಹೆಸರಿನಲ್ಲಿ ನಮ್ಮಲ್ಲೂ ಗೀತೆ ಬರಬಹುದೆಂಬ ಮಾತು ಸರ್ಕಾರದ ಕಡೆಯಿಂದಲೇ ಕೇಳಿಬಂತು. 2023ರಲ್ಲಿ ಸರ್ಕಾರ ಬದಲಾಯಿತು, ಪಠ್ಯ ಮತ್ತೆ ಬದಲಾಯಿತು. ಇನ್ನೊಂದು ಸರ್ಕಾರ ಬಂದರೆ ಇನ್ನೊಮ್ಮೆ ಬದಲಾದೀತು.

ಇಷ್ಟೆಲ್ಲ ಗದ್ದಲದ ನಡುವೆ ಯಾರೂ ಕೇಳದ ಪ್ರಶ್ನೆಯೊಂದಿದೆ. ಗುಂಡ್ಲುಪೇಟೆ ತಾಲ್ಲೂಕಿನ ಹಂಗಳದಂಥ ಊರಿನಲ್ಲಿ ಓದುವ ಮಗುವಿಗೆ, ತನ್ನೂರಿನ ಮಗ್ಗುಲಲ್ಲೇ ಇರುವ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಬಗ್ಗೆ ಶಾಲೆ ಏನು ಕಲಿಸುತ್ತದೆ? ಬೀದರ್‌ನಿಂದ ಚಾಮರಾಜನಗರದವರೆಗೆ ಒಂದೇ ಪುಸ್ತಕ ಎಂಬ ವ್ಯವಸ್ಥೆಯಲ್ಲಿ ಆ ಪಾಠಕ್ಕೆ ಜಾಗವೇ ಇಲ್ಲ. ಎಡದವರು ಬರೆಸಿದ ಪುಸ್ತಕವಿರಲಿ, ಬಲದವರು ಬರೆಸಿದ ಪುಸ್ತಕವಿರಲಿ, ಅದು ಬೆಂಗಳೂರಿನಿಂದಲೇ ಇಳಿದು ಬರುತ್ತದೆ. ನನ್ನ ವಾದ ಸರಳವಾದದ್ದು. ಸಂಸ್ಕೃತಿಯ ಪಾಠ ಮಗುವಿನ ಊರಿನಿಂದ ಶುರುವಾಗಬೇಕು, ಅದನ್ನು ಬದುಕುತ್ತಿರುವವರ ಬಾಯಿಂದ ಬರಬೇಕು, ಅದರ ಗಾಯಗಳನ್ನೂ ಮುಚ್ಚಿಡಬಾರದು.

ಬೆಟ್ಟವನ್ನೇ ತೆಗೆದುಕೊಳ್ಳಿ. 1,454 ಮೀಟರ್ ಎತ್ತರದ ಈ ಬೆಟ್ಟದ ಗುಡಿ 14ನೇ ಶತಮಾನದ ಬಲ್ಲಾಳರ ಕಾಲದ್ದೆಂಬುದು ಪ್ರತೀತಿ. ಗರ್ಭಗುಡಿಯಲ್ಲಿರುವುದು ಮರದಡಿ ನಿಂತು ಕೊಳಲೂದುವ ವೇಣುಗೋಪಾಲ. ಅವನ ಸುತ್ತ ಹಸುಗಳು, ಗೊಲ್ಲರು. ದನ ಕಾಯುವವರ ದೇವರು, ಮಕ್ಕಳಾಗದವರು ಹರಕೆ ಹೊತ್ತು ಬರುವ ದೇವರು. 1941ರಲ್ಲಿ ಮೈಸೂರು ಸಂಸ್ಥಾನ ಇಲ್ಲಿನ ಕಾಡಿಗೆ ವೇಣುಗೋಪಾಲ ವನ್ಯಜೀವಿ ಉದ್ಯಾನವೆಂದು ಹೆಸರಿಟ್ಟದ್ದು ಈ ದೇವರ ಹೆಸರಿನಿಂದಲೇ. 1973ರಲ್ಲಿ ಹುಲಿ ಯೋಜನೆಗೆ ಸೇರಿದ ಬಂಡೀಪುರದ ಹಿಂದಿನ ಕಥೆ ಇದು. ಇತಿಹಾಸ, ಶಿಲ್ಪ, ಭಕ್ತಿ, ಪರಿಸರ ಎಲ್ಲವೂ ಒಂದೇ ಬೆಟ್ಟದ ಮೇಲಿವೆ. ಶಾಲಾ ಪ್ರವಾಸದ ಮಕ್ಕಳು ಮಾತ್ರ ಬೆಟ್ಟದ ಬುಡದಲ್ಲಿ ಕೆಎಸ್‌ಆರ್‌ಟಿಸಿ ಬಸ್ ಹತ್ತಿ, ಮೇಲೆ ಕೈಮುಗಿದು, ಮಂಜಿನಲ್ಲಿ ಫೋಟೊ ತೆಗೆಸಿಕೊಂಡು ಇಳಿದುಬಿಡುತ್ತಾರೆ. ಸ್ವಂತ ಗಾಡಿಗಳನ್ನು ಮೇಲಕ್ಕೆ ಯಾಕೆ ಬಿಡುವುದಿಲ್ಲ ಎಂದು ಒಬ್ಬ ಮೇಷ್ಟ್ರು ಬಸ್ಸಿನಲ್ಲೇ ವಿವರಿಸಿದರೂ ಒಂದು ಒಳ್ಳೆಯ ಪಾಠವಾದೀತು. 2025ರ ಏಪ್ರಿಲ್‌ನಲ್ಲಿ ಮಲಯಾಳಂ ಚಿತ್ರವೊಂದರ ಶೂಟಿಂಗಿಗೆ ಬೆಟ್ಟದಲ್ಲಿ ಅನುಮತಿ ಕೊಟ್ಟಾಗ ದೊಡ್ಡವರೆಲ್ಲ ದನಿಯೆತ್ತಿದರು, ಎತ್ತಬೇಕಾದದ್ದೇ. ಆದರೆ ಬೆಟ್ಟವನ್ನು ನಾಳೆ ಕಾಯಬೇಕಾದವರು ಮಕ್ಕಳು. ಅವರಿಗೆ ಅದು ಯಾಕೆ ದೊಡ್ಡದೆಂದು ನಾವು ಹೇಳಿಯೇ ಇಲ್ಲ.

ಇನ್ನು ಈ ಸೀಮೆಯ ಹಾಡು. ಕನ್ನಡದ ಎರಡು ದೊಡ್ಡ ಜನಪದ ಮಹಾಕಾವ್ಯಗಳು, ಮಲೆ ಮಾದೇಶ್ವರ ಮತ್ತು ಮಂಟೇಸ್ವಾಮಿ, ಇಲ್ಲಿ ಇವತ್ತಿಗೂ ಬಾಯಲ್ಲಿ ಬದುಕಿವೆ. ದೇವರಗುಡ್ಡರು ಕಂಸಾಳೆ ಹಿಡಿದು, ನೀಲಗಾರರು ತಂಬೂರಿ ಮೀಟಿ ರಾತ್ರಿಯಿಡೀ ಹಾಡುತ್ತಾರೆ. ಮಾದಪ್ಪನ, ಎಂದರೆ ಮಾದೇಶ್ವರನ, ಕಾವ್ಯದಲ್ಲಿ ಬರುವ ‘ಸಂಕಮ್ಮನ ಸಾಲು’ ಭಾಗ ಕೇಳಿ. ಜೇನು ಕೀಳಲು ಕಾಡಿಗೆ ಹೊರಟ ನೀಲೇಗೌಡನಿಗೆ ಹೆಂಡತಿಯ ಮೇಲೆ ನಂಬಿಕೆಯಿಲ್ಲ. ತಾನಿಲ್ಲದಾಗ ನೇಮ ತಪ್ಪುವುದಿಲ್ಲವೆಂದು ಭಾಷೆ ಕೊಡು ಎನ್ನುತ್ತಾನೆ. ಸಂಕಮ್ಮ ಕೊಡುವುದಿಲ್ಲ. ಅವಳನ್ನು ಹಿಂಸಿಸಿ, ಒಳಗೆ ಕೂಡಿಹಾಕಿ ಹೊರಟುಹೋಗುತ್ತಾನೆ. ಮಾದಪ್ಪ ಬಂದು ನಿಲ್ಲುವುದು ಆ ಹೆಣ್ಣಿನ ಪರವಾಗಿ. ಅವಳಿಗೆ ಕಾರಯ್ಯ, ಬಿಲ್ಲಯ್ಯ ಎಂಬ ಇಬ್ಬರು ಮಕ್ಕಳಾಗುವುದು ಅವನ ವರದಿಂದ. ಎಂಟನೇ ತರಗತಿಯ ಹುಡುಗ ಹುಡುಗಿಯರು ಇದನ್ನು ಒಟ್ಟಿಗೆ ಕೂತು ಕೇಳಲಿ. ಅನುಮಾನ ಪಡುವವನಿಗೆ ಹೆಂಡತಿ ಯಾಕೆ ಆಣೆ ಮಾಡಬೇಕು ಎಂದು ವಾದ ಮಾಡಲಿ. ಕಲಿಸಬೇಕೆಂದು ನಾವು ಬಯಸುವ ನೀತಿ ಇದಕ್ಕಿಂತ ಬೇರೆ ಯಾವುದು?

ಶಾಲೆಗೆ ಈಗ ಕಂಸಾಳೆ ಬರುವುದು ಪ್ರತಿಭಾ ಕಾರಂಜಿಯ ಕುಣಿತವಾಗಿ, ವಾರ್ಷಿಕೋತ್ಸವದ ಐಟಮ್ಮಾಗಿ. ಧ್ವನಿವರ್ಧಕದಲ್ಲಿ ಹಾಡು ಹಾಕಿ, ಬಾಡಿಗೆ ಬಟ್ಟೆ ತೊಡಿಸಿ ಕುಣಿಸಿದರೆ ಮುಗಿಯಿತು. ಕಥೆ ಇಲ್ಲ, ಹಾಡುಗಾರನಿಲ್ಲ. ಹಾಡುಗಾರನ ಮಗ ಅದೇ ಶಾಲೆಯ ಹಿಂದಿನ ಬೆಂಚಿನಲ್ಲಿ ಕೂತಿರುತ್ತಾನೆ. ಅಪ್ಪ ಜೋಳಿಗೆ ಹಾಕಿಕೊಂಡು ಭಿಕ್ಷಕ್ಕೆ ಹೋಗುತ್ತಾನೆಂದು ಹೇಳಿಕೊಳ್ಳಲು ನಾಚುತ್ತಾನೆ. ಮನೆಯ ಮಾತು ಬಾಯಿಗೆ ಬಂದರೆ ತಪ್ಪು ಕನ್ನಡ ಎಂದು ತಿದ್ದಿಸಿಕೊಳ್ಳುತ್ತಾನೆ. ಇದೇ ಸೀಮೆಯ ಆಡುನುಡಿಯಲ್ಲಿ ದೇವನೂರ ಮಹಾದೇವ ಬರೆದ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಆ ಹುಡುಗನಿಗೆ ಗೊತ್ತಾಗಬೇಡವೇ? 2022ರಲ್ಲಿ ಹತ್ತನೇ ತರಗತಿಯ ಪುಸ್ತಕದಿಂದ ದೇವನೂರರು ಒಪ್ಪಿಗೆ ಹಿಂಪಡೆದ ಪಾಠ ‘ಎದೆಗೆ ಬಿದ್ದ ಅಕ್ಷರ’. ಊರಿನ ಎಲ್ಲರಿಗೂ ಮನೆಯಾಗುವ ತನಕ ತನಗೂ ಗುಡಿ ಬೇಡವೆಂದ ಮನೆಮಂಚಮ್ಮನ ಕಥೆ ಇರುವುದು ಆ ಪಾಠದಲ್ಲಿ. ಮಕ್ಕಳಿಗೆ ನಮ್ಮ ದೇವರುಗಳನ್ನು ಪರಿಚಯಿಸುವುದೆಂದರೆ ಇದು. ಅಂಥ ಪಾಠದ ಲೇಖಕರೇ ಪ್ರತಿಭಟಿಸಿ ಹೊರನಡೆಯುವ ಸ್ಥಿತಿ ತಂದುಕೊಂಡದ್ದು ರಾಜ್ಯಕ್ಕಾದ ನಷ್ಟ.

ಈಗ ಗಾಯದ ಮಾತು. 2025ರ ಜೂನ್‌ನಲ್ಲಿ ಚಾಮರಾಜನಗರ ತಾಲ್ಲೂಕಿನ ಹೊಮ್ಮದ ಸರ್ಕಾರಿ ಶಾಲೆ ಸುದ್ದಿಯಾಯಿತು. ಬಿಸಿಯೂಟಕ್ಕೆ ದಲಿತ ಮಹಿಳೆ ಮುಖ್ಯ ಅಡುಗೆಯವರಾಗಿ ಬಂದ ಮೇಲೆ ಪೋಷಕರು ಮಕ್ಕಳ ಟಿ.ಸಿ. ಪಡೆದು ಬೇರೆ ಶಾಲೆಗೆ ಸೇರಿಸಿದರೆಂದು ವರದಿಯಾಯಿತು. ಜಾತಿ ಕಾರಣವಲ್ಲ, ಪಾಠ ಸರಿಯಿರಲಿಲ್ಲ ಎಂದು ಪೋಷಕರಲ್ಲಿ ಕೆಲವರು ಹೇಳಿದರು. ಜಿಲ್ಲೆಯ ಅಧಿಕಾರಿಗಳು ಹೋಗಿ ಅಲ್ಲೇ ಊಟ ಮಾಡಿ ಬಂದರು. ಪೋಷಕರ ಕಾರಣ ಏನೇ ಇದ್ದಿರಲಿ, ಸುದ್ದಿ ಕೇಳಿದ ಯಾರೂ ಈ ಜಿಲ್ಲೆಯಲ್ಲಿ ಹಾಗಾಗಲು ಸಾಧ್ಯವೇ ಇಲ್ಲ ಎನ್ನಲಿಲ್ಲ. ನಮ್ಮ ಪರಂಪರೆಯ ಈ ಮುಖವನ್ನು ಮಕ್ಕಳು ಪುಸ್ತಕವಿಲ್ಲದೆಯೇ ಕಲಿಯುತ್ತಾರೆ, ಮನೆಯಲ್ಲಿ, ಹೋಟೆಲಿನಲ್ಲಿ, ಕೆಲವೊಮ್ಮೆ ಶಾಲೆಯ ಅಡುಗೆಮನೆಯಲ್ಲೇ.

ಅದೇ ಜಿಲ್ಲೆಯ ಚಿಕ್ಕಲ್ಲೂರಿನಲ್ಲಿ ಬನದ ಹುಣ್ಣಿಮೆಗೆ ಮಂಟೇಸ್ವಾಮಿಯ ಶಿಷ್ಯ ಸಿದ್ದಪ್ಪಾಜಿಯ ಐದು ದಿನದ ಜಾತ್ರೆ. ಮೊದಲ ರಾತ್ರಿ ಚಂದ್ರಮಂಡಲ: ಬಿದಿರಿನ ಚೌಕಟ್ಟಿಗೆ ಬಟ್ಟೆ ಸುತ್ತಿ ಬೆಂಕಿ ಹಚ್ಚುತ್ತಾರೆ; ಯಾವ ದಿಕ್ಕಿಗೆ ಚೆನ್ನಾಗಿ ಉರಿಯಿತೋ ಆ ಕಡೆ ಮಳೆ ಬೆಳೆ ಚೆನ್ನ ಎಂಬ ನಂಬಿಕೆ. ನಾಲ್ಕನೆಯ ದಿನ ಪಂಕ್ತಿಸೇವೆ. ಬಿಡಾರ ಹೂಡಿದ ಒಕ್ಕಲುಗಳು ಅಡುಗೆ ಮಾಡಿ, ಸಿದ್ದಪ್ಪಾಜಿಗೆ ಎಡೆಯಿಟ್ಟು, ಜಾತಿ ಕೇಳದೆ ಸಾಲಾಗಿ ಕೂತು ಉಣ್ಣುವ ದಿನ. ಮಾಂಸದಡುಗೆಯಾದ್ದರಿಂದ ಪ್ರಾಣಿಬಲಿ ತಡೆ ಕಾಯ್ದೆಯಡಿ ಆಡಳಿತ ಇದನ್ನು ತಡೆಯಲು ನೋಡುತ್ತದೆ. ಭಕ್ತರು ಇದು ಬಲಿಯಲ್ಲ, ನಮ್ಮ ಊಟ ಎನ್ನುತ್ತಾರೆ. ಆ ವಾದದ ಎರಡೂ ಬದಿ ಮಕ್ಕಳ ಕಿವಿಗೆ ಬೀಳಲಿ. ಆದರೆ ಜೊತೆಗೆ ಕೂತು ಉಣ್ಣುವುದನ್ನೇ ಸೇವೆಯೆಂದು ಬಗೆದ ಜನ ತಮ್ಮ ಜಿಲ್ಲೆಯಲ್ಲೇ ಇದ್ದಾರೆಂಬುದು ಹೊಮ್ಮದ ಮಗುವಿಗೂ, ಚಾಮರಾಜನಗರ ಪೇಟೆಯ ಮಗುವಿಗೂ ಗೊತ್ತಿರಬೇಕು. ಜಾತಿಯನ್ನು ಮೀರುವ ದಾರಿಯೂ ನಮ್ಮ ಪರಂಪರೆಯೇ, ಅದನ್ನು ಹೊರಗಿನಿಂದ ತರಬೇಕಿಲ್ಲ.

ಕಾಡಿನವರ ವಿಚಾರವೂ ಹೀಗೆಯೇ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ ಬೆಟ್ಟದ ದೇವರು ರಂಗಪ್ಪ ಭಾವ. ತಮ್ಮ ಕುಲದ ಹುಡುಗಿ ಕುಸುಮಾಲೆಯನ್ನು ಮದುವೆಯಾದವನು. 2011ರಲ್ಲಿ ಆ ಕಾಡು ಹುಲಿ ಮೀಸಲು ಪ್ರದೇಶವಾಯಿತು, ಅದೇ ವರ್ಷ ಸೋಲಿಗರು 2006ರ ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಅರಣ್ಯ ಹಕ್ಕನ್ನೂ ಪಡೆದರು. ಬಂಡೀಪುರದ ಅಂಚಿನ ಹಾಡಿಗಳಲ್ಲಿರುವ ಜೇನುಕುರುಬರು, ಕಾಡುಕುರುಬರು ತಾತ ಮುತ್ತಾತಂದಿರ ಕಾಡಿನಿಂದ ಹೊರಬಂದವರು. ಅರಣ್ಯ ಇಲಾಖೆಯ ‘ಚಿಣ್ಣರ ವನದರ್ಶನ’ಕ್ಕೆ ಮಕ್ಕಳನ್ನು ಕರೆದೊಯ್ಯುವಾಗ ಗಿಡ ಮರ ತೋರಿಸಿ ಹೆಸರು ಹೇಳುವ ಕೆಲಸ ಹಾಡಿಯ ಹಿರಿಯರದಾಗಲಿ. ಕಾಡನ್ನು ಅವರಷ್ಟು ಬಲ್ಲವರು ಯಾರೂ ಇಲ್ಲ. ಹಾಡಿಯ ಮಗು ತರಗತಿಯಲ್ಲಿ ಒಮ್ಮೆಯಾದರೂ ತಲೆಯೆತ್ತಿ ಕೂರುವುದು ಆವತ್ತು.

ಎರಡು ಕಡೆಯಿಂದ ಆಕ್ಷೇಪ ಬರುತ್ತದೆಂದು ಬಲ್ಲೆ. ಊರೂರಿಗೊಂದು ಪಾಠವಾದರೆ ದೇಶ ಎಲ್ಲಿ ಉಳಿಯಿತು, ಎಲ್ಲರನ್ನೂ ಒಂದುಮಾಡುವ ಗೀತೆ ಬೇಡವೇ ಎಂದು ಒಂದು ಕಡೆಯವರು ಕೇಳುತ್ತಾರೆ. ಗೀತೆ ಬೇಡವೆಂದು ನಾನು ಹೇಳುತ್ತಿಲ್ಲ. ಬಾಯಿಪಾಠ ಮಾಡಿಸಿ ಅಂಕ ಕೊಟ್ಟರೆ ಅದು ಮಗುವಿಗೆ ಇನ್ನೊಂದು ಪರೀಕ್ಷೆಯಾಗುತ್ತದೆ, ಅಷ್ಟೇ. ಕೊಳಲೂದುವ ಗೊಲ್ಲನನ್ನು ತನ್ನೂರ ಬೆಟ್ಟದಲ್ಲಿ ಕಂಡು ಬೆಳೆದ ಮಗು ಮುಂದೆ ಕುರುಕ್ಷೇತ್ರದ ಕೃಷ್ಣನನ್ನು ತಾನೇ ಹುಡುಕಿಕೊಂಡು ಹೋಗಿ ಓದುತ್ತದೆ. ಬೇರಿಲ್ಲದ ಗಿಡಕ್ಕೆ ಎಷ್ಟು ನೀರೆರೆದರೂ ವ್ಯರ್ಥ. ಇನ್ನೊಂದು ಕಡೆಯವರು ಹರಕೆ, ಪವಾಡ, ಮೈಮೇಲೆ ಬರುವ ದೇವರು, ಇದೆಲ್ಲ ಮೂಢನಂಬಿಕೆ, ಶಾಲೆಗೆ ತರಬೇಡಿ ಎನ್ನುತ್ತಾರೆ. ಬಾಗಿಲು ಹಾಕಿದರೆ ನಂಬಿಕೆ ಹೋಗುವುದಿಲ್ಲ, ಪ್ರಶ್ನೆ ಮಾತ್ರ ಹೊರಗುಳಿಯುತ್ತದೆ. ತರಗತಿಯೊಳಗೆ ತಂದರೆ ಮಕ್ಕಳು ಕೇಳುತ್ತಾರೆ, ನಗುತ್ತಾರೆ, ಒಪ್ಪುತ್ತಾರೆ, ಬಿಡುತ್ತಾರೆ.

ಇದಕ್ಕೆ ಹೊಸ ಪಠ್ಯಪುಸ್ತಕ ಸಮಿತಿ ಬೇಡ. ಬ್ಯಾಗಿಲ್ಲದ ಶನಿವಾರಗಳನ್ನು ಊರಿನ ಪಾಠಕ್ಕೆ ಕೊಡಿ. ನೀಲಗಾರರನ್ನು, ದೇವರಗುಡ್ಡರನ್ನು, ಹಾಡಿಯ ಹಿರಿಯರನ್ನು ಅತಿಥಿ ಶಿಕ್ಷಕರಂತೆ ಕರೆಸಿ. ಶಾಲು ಹೊದಿಸಿ ಕಳಿಸಿದರೆ ಸಾಲದು, ಸಂಭಾವನೆ ಕೊಡಿ. ಮಕ್ಕಳು ಅಜ್ಜ ಅಜ್ಜಿಯರಿಂದ ಕೇಳಿದ್ದನ್ನು ಮನೆಯ ಮಾತಿನಲ್ಲೇ ಬರೆದು ತರಲಿ. ಆ ಬರಹಕ್ಕೆ ಕೆಂಪು ಇಂಕು ತಾಗಬೇಡ. ಬಿಸಿಯೂಟದ ಸಾಲಿನಲ್ಲಿ ಮಕ್ಕಳ ಪಕ್ಕ ಶಿಕ್ಷಕರು, ಎಸ್‌ಡಿಎಂಸಿ ಸದಸ್ಯರು ದಿನವೂ ಕೂತು ಉಣ್ಣಲಿ, ವಿವಾದವಾದ ದಿನ ಮಾತ್ರವಲ್ಲ. ಚಾಮರಾಜನಗರ ಜಿಲ್ಲಾ ಪಂಚಾಯಿತಿ ಮನಸ್ಸು ಮಾಡಿದರೆ ಬರುವ ಬನದ ಹುಣ್ಣಿಮೆಗೂ ಮೊದಲೇ ಇದನ್ನು ಶುರುಮಾಡಬಹುದು. ಸರ್ಕಾರ ಬದಲಾದರೂ ಬದಲಾಗದ ಪಠ್ಯವೆಂದರೆ ಮಗುವಿನ ಸ್ವಂತ ಊರು. ಅದನ್ನು ಪೂರ್ತಿಯಾಗಿ, ಪ್ರಾಮಾಣಿಕವಾಗಿ ಕಲಿಸಲು ಯಾರ ಅಪ್ಪಣೆಗೂ ಕಾಯಬೇಕಿಲ್ಲ.