ಊರ ಹೆಸರಿಗೊಂದು ಸ್ಥಿರ ವಿಳಾಸ

ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ದಲ್ಲಿ ಕೊಪಣನಗರವೆಂದು ಕೀರ್ತಿತವಾದ, ನಿಜಾಮಶಾಹಿಯ ಕಾಲದ ಆಂಗ್ಲ ಪ್ರಕಟಣೆಗಳಲ್ಲಿ ‘ಕೊಪ್‌ಬಲ್’ ಎಂದು ಅಚ್ಚಾದ, 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟ ಜಿಲ್ಲೆಗೆ ಕೇಂದ್ರವೆನಿಸಿದ ಊರು ಕನ್ನಡದಲ್ಲಿ ಕೊಪ್ಪಳವೆಂದು ನಿರ್ವಿವಾದವಾಗಿ ನೆಲೆನಿಂತಿದ್ದರೂ, ಅದರ ರೈಲು ನಿಲ್ದಾಣದ ಸಂಕೇತ ಮಾತ್ರ ಇಂದಿಗೂ ‘ಕೆಬಿಎಲ್’ ಆಗಿಯೇ ಇದೆ. ಎಲ್ಲಿಯದೋ ಒಂದು ‘ಬಿ’ ನಡುವೆ ಕುಳಿತಿರುವುದನ್ನು ಕಂಡು ನಗುವವರುಂಟು. ನನಗಾದರೋ ಅದನ್ನು ಹಾಗೆಯೇ ಉಳಿಸಿಕೊಂಡುದರಲ್ಲಿ ವಿವೇಕವೇ ಕಾಣುತ್ತದೆ.

ಅಂತರ್ಜಾಲದ ವಿಳಾಸಗಳನ್ನು ರಚಿಸುವವರಲ್ಲಿ ಈ ವಿವೇಕ ಅಪರೂಪ. ಇದೇ ಜಿಲ್ಲೆಯ ಗಂಗಾವತಿಯನ್ನು ರೋಮನ್ ಲಿಪಿಗಿಳಿಸುವಾಗ ಒಬ್ಬನು ಕೊನೆಯಲ್ಲಿ ‘ಟಿ’ ಇಟ್ಟರೆ ಇನ್ನೊಬ್ಬನು ‘ಟಿಎಚ್’ ಇಡುತ್ತಾನೆ, ಮತ್ತೊಬ್ಬನು ‘ವಿ’ಯನ್ನು ಬಿಟ್ಟು ‘ಡಬ್ಲ್ಯೂ’ ಹಿಡಿಯುತ್ತಾನೆ. ಕುಷ್ಟಗಿಯ ‘ಎಚ್’ ಬಂದರೂ ಬಂತು, ಇಲ್ಲದಿದ್ದರೆ ಇಲ್ಲ. ಯಲಬುರ್ಗಾದ ‘ಲ’ಕಾರದ ಮುಂದೆ ಸ್ವರವಿರಬೇಕೋ ಬೇಡವೋ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ. ಓದುವ ಮನುಷ್ಯನು ಸಹಜವಾಗಿ ಮನ್ನಿಸುವ ಈ ಭೇದಗಳನ್ನು ಗಣಕವು ಮನ್ನಿಸದು. ಲಿನಕ್ಸ್ ಸರ್ವರಿಗೆ ದೊಡ್ಡಕ್ಷರದ ಹೆಸರೂ ಸಣ್ಣಕ್ಷರದ ಹೆಸರೂ ಎರಡು ಬೇರೆ ಕಡತಗಳೇ.

ಹಾಗಾದರೆ ಕನ್ನಡ ಲಿಪಿಯಲ್ಲಿಯೇ ವಿಳಾಸವನ್ನು ಬರೆಯಬಾರದೇಕೆ? ಬರೆಯಬಹುದು, ಕನ್ನಡ ವಿಕಿಪೀಡಿಯ ಬರೆಯುತ್ತಲೇ ಬಂದಿದೆ. ಆದರೆ ‘ಕೊಪ್ಪಳ’ವೆಂಬ ಮೂರಕ್ಷರದ ಮಾತು ಯೂನಿಕೋಡಿನಲ್ಲಿ ಆರು ಸಂಕೇತಗಳಾಗಿದ್ದು, ವಿಳಾಸವನ್ನು ನಕಲಿಸಿ ವಾಟ್ಸಾಪಿನಲ್ಲಿ ಅಂಟಿಸಿದಾಗ ಆ ಒಂದೊಂದೂ ಶೇಕಡಾ ಚಿಹ್ನೆಗಳ ಸಮೇತ ಒಂಬತ್ತಾಗಿ ಬಿಚ್ಚಿಕೊಂಡು, ಒಟ್ಟು 54 ಚಿಹ್ನೆಗಳ ದುರ್ಬೋಧ ಮಾಲೆಯಾಗುವುದುಂಟು. ಸಾಲದುದಕ್ಕೆ ‘ಕೊ’ ಎಂಬಲ್ಲಿನ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಎತ್ವ ಮತ್ತು ಊಕಾರಗಳ ಎರಡು ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಭೇದವಿಲ್ಲ, ಎರಡನ್ನೂ ಒಂದೇ ರೂಪಕ್ಕೆ ತರುವ ವ್ಯವಸ್ಥೆಯಿಲ್ಲದ ಯಂತ್ರಕ್ಕೆ ಮಾತ್ರ ಅವು ಎರಡು ಊರುಗಳು. ಆದುದರಿಂದ ಪುಟದ ಶಿರೋನಾಮೆಯೂ ಒಡಲೂ ನಿಸ್ಸಂಕೋಚವಾಗಿ ಕನ್ನಡದಲ್ಲಿರಲಿ, ವಿಳಾಸವು ಸದ್ಯಕ್ಕೆ ಸಣ್ಣಕ್ಷರದ, ನಿಶ್ಚಿತವಾದ ರೋಮನ್ ರೂಪದಲ್ಲಿರಲಿ ಎಂಬುದು ನನ್ನ ಪಕ್ಷ. ಕನ್ನಡಾಭಿಮಾನಿ ಮಿತ್ರರು ಮುನಿಯದಿರಲಿ.

ರೂಪ ನಿಶ್ಚಯವಾದರೂ ಅದರೊಳಗೆ ಏನಿರಬಾರದೆಂಬ ವಿವೇಚನೆ ಉಳಿಯುತ್ತದೆ. ಹೊಲ ಕೈಬದಲಾದಾಗ ಪಹಣಿಯಲ್ಲಿ ಒಡೆಯನ ಹೆಸರು ಬದಲಾಗುತ್ತದೆಯೇ ಹೊರತು ಸರ್ವೆ ನಂಬರು ಬದಲಾಗದು. ಏಕೆಂದರೆ ಒಡೆಯನ ಹೆಸರನ್ನು ಆ ನಂಬರಿನೊಳಗೆ ಯಾರೂ ಸೇರಿಸಿರಲಿಲ್ಲ. ವಿಳಾಸದಲ್ಲಿಯೂ ಅಧಿಕಾರಿಯ ಹುದ್ದೆ, ಮಂತ್ರಿಮಂಡಲಕ್ಕೊಮ್ಮೆ ಹೆಸರು ಬದಲಿಸುವ ಯೋಜನೆ, ತಂತ್ರಾಂಶದ ಬಾಲವಾದ ‘ಪಿಎಚ್‌ಪಿ’ ಮೊದಲಾದುವು ಸೇರಬಾರದು. ಹೀಗೆ ಬದಲಾಗುವ ವಿವರಗಳನ್ನು ವಿಳಾಸದಿಂದ ಹೊರಗಿಡಬೇಕೆಂದು ವೆಬ್ಬಿನ ಜನಕ ಟಿಮ್ ಬರ್ನರ್ಸ್-ಲೀ 1998ರಷ್ಟು ಹಿಂದೆಯೇ ವಾದಿಸಿದ್ದರು. ‘ಹೊಸದು’, ‘ಅಂತಿಮ’, ‘ಅಂತಿಮ-2’ ಎಂದು ಕಡತಗಳಿಗೆ ನಾಮಕರಣ ಮಾಡುವ ನಮ್ಮ ಕಚೇರಿಗಳಿಗೆ ಅದು ಇನ್ನೂ ತಲುಪಿದಂತಿಲ್ಲ. ವರ್ಷ, ತಿಂಗಳು, ದಿನವೆಂಬ ಕ್ರಮದಲ್ಲಿ ‘2024-06-15’ ಎಂದು ದಿನಾಂಕವನ್ನು ಹೆಸರಿನ ಮೊದಲಿಗೆ ಬರೆದರೆ ಟೆಂಡರ್ ಪ್ರಕಟಣೆಗಳು ತಾವಾಗಿಯೇ ಕಾಲಾನುಕ್ರಮದಲ್ಲಿ ನಿಲ್ಲುತ್ತವೆ.

2014ರ ನವೆಂಬರ್ 1ರಂದು ಗುಲ್ಬರ್ಗ, ಬಳ್ಳಾರಿ ಮೊದಲಾದ 12 ನಗರಗಳ ಆಂಗ್ಲ ಹೆಸರುಗಳನ್ನು ತಿದ್ದಿದಾಗ ಕೊಪ್ಪಳ ಆ ಪಟ್ಟಿಯಲ್ಲಿರಲಿಲ್ಲ. ಅಂತಹ ತಿದ್ದುಪಡಿ ಮುಂದೆ ಬಂದರೂ ಹಳೆಯ ವಿಳಾಸಕ್ಕೆ ಬಂದವರನ್ನು ಹೊಸದಕ್ಕೆ ಕಳುಹಿಸುವ ಏರ್ಪಾಡಿಗೆ ಹೆಚ್ಚಿನ ವೆಚ್ಚವಿಲ್ಲ. ತುರ್ತಾಗಿ ಆಗಬೇಕಾದುದೆಂದರೆ, ಜಿಲ್ಲೆಯ ಎಲ್ಲ ಇಲಾಖೆಗಳಿಗೂ ಅನ್ವಯಿಸುವ, ಊರ ಹೆಸರುಗಳ ನಿಶ್ಚಿತ ರೋಮನ್ ರೂಪಗಳ ಒಂದು ಪುಟದ ಪಟ್ಟಿ. ಅದರಲ್ಲಿ ನಾಲ್ಕು ಹಳೆಯ ತಾಲ್ಲೂಕುಗಳ ಜೊತೆಗೆ, ಅವುಗಳಿಂದ ಒಡೆದು ಬಂದ ಕನಕಗಿರಿ, ಕಾರಟಗಿ, ಕುಕನೂರುಗಳೂ ಇರಬೇಕು. ಕುಕನೂರಿನ ನಡುವೆ ಒಂದು ‘ಕೆ’ಯೋ ಎರಡೋ ಎಂಬುದನ್ನು ಈ ವರ್ಷವೇ ತೀರ್ಮಾನಿಸಿಬಿಡುವುದು ಲೇಸು.